ನಿಲುವು ಕ್ರಮಾಂಕ ನಾಲ್ಕು

ಸಮ್ಮೇದ ಮಾಡಿದ ತಪ್ಪು ಇಷ್ಟೇ: ಪಟ್ಟಣ ಪಂಚಾಯಿತಿಯ ಗೋಡೆಯ ಮೇಲೆ ಬರೆದದ್ದನ್ನು ಅವನು ಓದಿಬಿಟ್ಟ. ಮಾಳಿಂಗವಾಡಿಯಲ್ಲಿ ಆ ಗೋಡೆಗೆ ಆತು ನಿಂತು ಬಸ್ಸು ಕಾಯುವವರಿದ್ದಾರೆ, ಗುಟ್ಕಾ ಉಗುಳುವವರಿದ್ದಾರೆ, ಎಮ್ಮೆ ಕಟ್ಟುವವರೂ ಇದ್ದಾರೆ. ಓದುವವರು ಮಾತ್ರ ಇರಲಿಲ್ಲ. ಸಮ್ಮೇದನದು ಭಾಂಡೆ ಅಂಗಡಿ. ಗಿರಾಕಿ ಬರುವವರೆಗೆ ಪಾತ್ರೆಗಳ ತಳದಲ್ಲಿರುವ ಕಂಪನಿಯ ಹೆಸರು, ತೂಕ, ಊರು ಎಲ್ಲ ಓದುತ್ತ ಕೂತು ಕೂತು ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ ಅವನಿಗೆ ಅಂಟಿಕೊಂಡಿತ್ತು.

ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಹೀಗಿತ್ತು: ‘ಜಲಮಾಲಿನ್ಯದ ವೆಚ್ಚ ಹಾಗೂ ಸುಸ್ಥಿರ ಅಭಿವೃದ್ಧಿ: ಪಟ್ಟಣದ ಏಳು ನಿಲುವುಗಳು’. ಮೊದಲ ಮೂರು ನಿಲುವುಗಳು ನಿಸರ್ಗವನ್ನು ಪ್ರೀತಿಸುವ ಬಗ್ಗೆ ಇದ್ದವು. ಅವನ್ನು ಯಾರು ಓದಿದರೂ ಯಾರಿಗೂ ಏನೂ ಆಗುವಂತಿರಲಿಲ್ಲ. ನಾಲ್ಕನೆಯದು, ‘ನೀರನ್ನು ಕೆಡಿಸಿದವರೇ ಅದನ್ನು ಸರಿಪಡಿಸುವ ವೆಚ್ಚವನ್ನು ಭರಿಸತಕ್ಕದ್ದು’ ಎಂದಿತ್ತು. ಸಮ್ಮೇದ ಅದನ್ನು ಎರಡು ಸಲ ಓದಿದ. ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತು. ಅವನು ಅದನ್ನು ನಂಬಿದ. ನಂಬಿ, ಮನೆಗೆ ಬಂದು, ಒಂದು ಅರ್ಜಿ ಬರೆದು ಕೊಟ್ಟ.

ಅರ್ಜಿ ಬರೆಯಲು ಅವನಿಗೆ ಕಾರಣವಿತ್ತು. ಅವನ ಮನೆಯ ಹಿತ್ತಲಲ್ಲಿ ಒಂದು ಬಾವಿ. ಪಂಚಾಯಿತಿಯ ನಳದ ನೀರು ಹನ್ನೊಂದು ದಿನಕ್ಕೊಮ್ಮೆ ಬರುವ ಆ ಓಣಿಯಲ್ಲಿ ನಾಲ್ಕು ಮನೆಗಳು ಬಾವಿಯ ಮೇಲೇ ಬದುಕಿದ್ದವು. ಎರಡು ವರ್ಷದ ಹಿಂದೆ ಹಳ್ಳದ ಮೇಲ್ಗಡೆಯ ಸಕ್ಕರೆ ಕಾರ್ಖಾನೆ ಸ್ಪಿರಿಟ್ ಕೂಡ ತಯಾರಿಸತೊಡಗಿತು. ಮೊದಲು ಹಳ್ಳ ಕಪ್ಪಾಯಿತು. ಆಮೇಲೆ ಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿತು. ಉಳಿದ ಮನೆಯವರು ಶಾಪ ಹಾಕುತ್ತ ಕ್ಯಾನಿನ ನೀರು ತರಿಸಿಕೊಳ್ಳತೊಡಗಿದರು. ಸಮ್ಮೇದನ ತಾಯಿ ಜಿನ್ನವ್ವನಿಗೆ ಆ ದಾರಿಯೂ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಊರಿಗೆ ಬಂದ ಮುನಿಗಳ ಎದುರು, ಬಾವಿಯಿಂದ ಸೇದಿ ಸೋಸಿದ ನೀರನ್ನಲ್ಲದೆ ಬೇರೆ ನೀರು ಮುಟ್ಟುವುದಿಲ್ಲ ಎಂದು ಆಕೆ ವ್ರತ ಹಿಡಿದಿದ್ದಳು. ಬಸದಿಯ ಬಾವಿಯನ್ನು ಮುಚ್ಚಿ ಸಭಾಭವನ ಕಟ್ಟಿದ್ದರು. ಊರಿನ ಬೇರೆ ಬಾವಿಗಳಲ್ಲಿ ಕಸ ತುಂಬಿತ್ತು. ಹಾಗಾಗಿ ಎಪ್ಪತ್ತೆರಡರ ಮುದುಕಿ ಆ ಚಹಾ ಬಣ್ಣದ ನೀರನ್ನೇ ನಾಲ್ಕು ಪದರದ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದಳು, ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ರಾಯಬಾಗದ ಡಾಕ್ಟರು ಮೂರು ಸಲ ನೋಡಿ ಮೂರು ಸಲವೂ ನೀರು ಬದಲಿಸಿ ಎಂದಿದ್ದರು. ನೀರು ಬದಲಾಗಬೇಕಿತ್ತು, ಇಲ್ಲವೇ ವ್ರತ ಬದಲಾಗಬೇಕಿತ್ತು. ಜಿನ್ನವ್ವನನ್ನು ಬಲ್ಲವರಿಗೆ ನೀರು ಬದಲಾಗುವುದೇ ಸುಲಭವೆಂದು ಗೊತ್ತಿತ್ತು.

ಅರ್ಜಿ ಕೊಟ್ಟು ಐದು ತಿಂಗಳಾಗಿತ್ತು. ಮಾರ್ಚ್ ಮೂವತ್ತೊಂದರ ಬೆಳಗ್ಗೆ ಎಂಟು ಗಂಟೆಗೆ ಸಮ್ಮೇದ ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದಾಗ ಬಾಗಿಲೆದುರು ಒಂದು ಜೀಪು, ಅದರ ಹಿಂದೆ ಒಂದು ಬುಲೆಟ್ ಬಂದು ನಿಂತವು. ಬುಲೆಟ್ಟಿನಿಂದ ಇಳಿದವನು ವಾರ್ಡಿನ ಮೆಂಬರ್ ಮುರಗೆಪ್ಪ. ಹನ್ನೆರಡು ಎಕರೆ ಕಬ್ಬಿನ ಒಡೆಯ.

“ಸಮ್ಮೇದಣ್ಣಾ, ಪೇಢೆ ತರಸು! ನಿನ್ನ ಅರ್ಜಿ ಮಂಜೂರಾತು!”

ಸಮ್ಮೇದ ನೊರೆಯ ಸಮೇತ ಕೇಳಿದ. “ಖರೇನರಿ?”

“ಖರೇ ಅಂದ್ರ ಖರೇ. ಸಂಜಿ ಐದರೊಳಗ ಫೈಸಲಾ. ಸಾಹೇಬ್ರ ಖುದ್ದ ಬಂದಾರ ನೋಡು.”

ಜೀಪಿನಿಂದ ಇಳಿದ ಮುಖ್ಯಾಧಿಕಾರಿ ಸಿದ್ದಲಿಂಗ ಸಾಹೇಬರು ಸಮ್ಮೇದನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನಿಜವಾದ ಕೃತಜ್ಞತೆ ಇತ್ತು. ಏಳು ನಿಲುವುಗಳಲ್ಲಿ ಒಂದಾದರೂ ಜಾರಿಯಾದದ್ದಕ್ಕೆ ಒಂದು ಪ್ರಕರಣ ತೋರಿಸಿ, ಇಲ್ಲದಿದ್ದರೆ ಮುಂದಿನ ವರ್ಷದ ಅನುದಾನ ಇಲ್ಲ ಎಂದು ಜಿಲ್ಲೆಯಿಂದ ಪತ್ರ ಬಂದಿತ್ತು. ಕಳಿಸುವ ಪೋರ್ಟಲ್ ಅಂದೇ ಸಂಜೆ ಐದಕ್ಕೆ ಮುಚ್ಚುವುದಿತ್ತು. ರಾತ್ರಿಯೆಲ್ಲ ಕಪಾಟು ಜಾಲಾಡಿದಾಗ ಸಾಹೇಬರಿಗೆ ಸಿಕ್ಕದ್ದು ಒಂದೇ ಅರ್ಜಿ.

“ಇಡೀ ಊರಾಗ ನೀರು ಕೆಟ್ಟೈತಿ ಅಂತ ಬರಕೊಟ್ಟವರು ನೀವ ಒಬ್ಬರರಿ. ಭಾಳ ಉಪಕಾರ ಆತು. ಈಗ ಕೆಲಸ ಸಣ್ಣದು. ನೀರು ಕೆಟ್ಟೈತಿ ಅಂತ ತೋರಸೋದು, ಕೆಡಸಿದವನ ಹೆಸರು ಬರಿಯೋದು, ಸಹಿ ತಗೊಳ್ಳೋದು. ಮುಗೀತು,” ಎಂದರು ಸಾಹೇಬರು.

ಸಮ್ಮೇದ ಬಾಯಿ ತೊಳೆದುಕೊಂಡು ಬಂದು ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿದ. ಅವನ ಕಾಲು ನೆಲದ ಮೇಲಿರಲಿಲ್ಲ. ಕೆಡಿಸಿದವರ ಹೆಸರು ಊರಿನ ಎಮ್ಮೆಗಳಿಗೂ ಗೊತ್ತಿತ್ತು. ಖುಷಿಯಲ್ಲಿ ಅವನೇ ಒಳಹೋಗಿ ಬಾವಿಯ ನೀರಲ್ಲೇ ಚಹಾ ಮಾಡಿ ತಂದ. ವಾಸನೆ ಮೂಗಿಗೆ ಬಡಿದ ಕೂಡಲೇ ಸಾಹೇಬರಿಗೆ ಸಕ್ಕರೆ ಕಾಯಿಲೆ ನೆನಪಾಯಿತು. ಮುರಗೆಪ್ಪನಿಗೆ ಅಂದು ಉಪವಾಸವಿತ್ತು. ಅವರ ಜೊತೆ ಬಂದಿದ್ದ ಪರಿಸರ ಎಂಜಿನಿಯರ್ ಸ್ನೇಹಲ ಮಾತ್ರ ಕಪ್ಪನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ನಿಪ್ಪಾಣಿ ಕಡೆಯ ಹುಡುಗಿ, ನೌಕರಿಗೆ ಸೇರಿ ಎಂಟು ತಿಂಗಳು. ಕಲಿತದ್ದನ್ನು ಇನ್ನೂ ಮರೆತಿರಲಿಲ್ಲ.

“ಕುಡಿಯಾಕ ಬ್ಯಾಡ್ರಿ ಯಾರೂ,” ಎಂದು ಕಪ್ಪು ಕೆಳಗಿಟ್ಟು, ಚೀಲದಿಂದ ಎರಡು ಲೀಟರಿನ ಬಾಟಲಿ ತೆಗೆದಳು.

ಬಾವಿಯಿಂದ ನೀರು ಸೇದಿ, ಬಾಟಲಿ ತುಂಬಿ, ಅಡುಗೆಮನೆಯ ಹೊಸ್ತಿಲ ಒಳಗೆ ನೆರಳಲ್ಲಿಟ್ಟು, ಸ್ನೇಹಲ ಪಂಚನಾಮೆ ಬರೆಯಲು ಹೊರಗೆ ಬಂದಳು. ಪಂಚರ ಹೆಸರು, ವಯಸ್ಸು, ಉದ್ಯೋಗ ಬರೆಯುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಒಳಗೆ ಹೋಗಿ ನೋಡಿದರೆ ಬಾಟಲಿ ಇದ್ದಲ್ಲೇ ಇತ್ತು, ನೀರು ಮಾತ್ರ ಅರ್ಧದಷ್ಟು ತಿಳಿಯಾಗಿತ್ತು. ಜಿನ್ನವ್ವ ಹಿತ್ತಲಲ್ಲಿ ಬಾವಿಯ ಗಡಗಡೆಯ ಮೇಲೆ ಹಗ್ಗ ಬಿಡುತ್ತಿದ್ದಳು.

“ಆಜೀ, ಈ ನೀರಿಗೆ ಏನ ಮಾಡಿದ್ರಿ?”

“ಸೋಸಿ ಇಟ್ಟೆ ತಂಗಿ. ಸೋಸದ ನೀರು ನಮ್ಮನಿಯಾಗ ಇಡಂಗಿಲ್ಲ.”

“ಹಗ್ಗದಾಗ ಏನ ಬಿಡಾಕತ್ತೀರಿ?”

ಜಿನ್ನವ್ವ ತಾಳ್ಮೆಯಿಂದ ವಿವರಿಸಿದಳು. ಸೋಸಿದಾಗ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿಯುತ್ತವೆ. ಸೋಸಿದ ನೀರಿನಿಂದ ಆ ಬಟ್ಟೆಯನ್ನು ತೊಳೆದು, ಆ ಜೀವಗಳನ್ನು ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಬಿಡಬೇಕು. ಮೇಲಿನಿಂದ ಚೆಲ್ಲಿದರೆ ಅವಕ್ಕೆ ಪೆಟ್ಟಾಗುತ್ತದೆ. ಅದಕ್ಕೇ ತಂಬಿಗೆಯನ್ನು ಹಗ್ಗದಲ್ಲಿ ನೀರಿನವರೆಗೆ ಇಳಿಸಿ ಮೆಲ್ಲಗೆ ಮಗುಚುತ್ತಾಳೆ. ಮದುವೆಯಾಗಿ ಬಂದ ದಿನದಿಂದ ಒಂದು ದಿನವೂ ತಪ್ಪಿಲ್ಲ.

ಸ್ನೇಹಲಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಮತ್ತೊಂದು ಬಾಟಲಿ ತುಂಬಿಸಿ ಈ ಸಲ ಹೊರಗೆ ಕಟ್ಟೆಯ ಮೇಲಿಟ್ಟಳು. ಆಗ ಪಕ್ಕದ ಮನೆಯ ನೂರಜಾನಬಿ ಬಂದಳು. ಸಾಹೇಬರು ಓಣಿಯ ನೀರನ್ನು ಊರೂರಿಗೆ ತೋರಿಸಲು ಒಯ್ಯುತ್ತಿದ್ದಾರೆ ಎಂದು ಅವಳ ಕಿವಿಗೆ ಬಿದ್ದಿತ್ತು.

“ಯಾ ಅಲ್ಲಾ, ಇಂಥಾ ಹೊಲಸ ನೀರು ಒಯ್ದು ತೋರಿಸಿದ್ರ ನಮ್ಮ ಓಣಿ ಮರ್ಯಾದಿ ಏನ ಉಳೀತೈತಿ?” ಎಂದುಕೊಂಡವಳೇ ಯಾರೂ ನೋಡದಾಗ ಬಾಟಲಿಯೊಳಗೆ ನೀರು ತಿಳಿಮಾಡುವ ಫಟಕಿ ಹರಳು ತಿರುವಿ ಹೋದಳು. ಸ್ವಲ್ಪ ಹೊತ್ತಿಗೆ ಕೆಸರೆಲ್ಲ ತಳಕ್ಕೆ ಕೂತು ಮೇಲಿನ ನೀರು ಮಾರುವಷ್ಟು ಚೆಂದವಾಯಿತು. ಸಿದ್ದಲಿಂಗ ಸಾಹೇಬರಿಗೆ ಎದೆ ಒಡೆದಂತಾಯಿತು.

“ಏನ್ರಿ ಇದು! ನೀರು ಕೆಟ್ಟಿಲ್ಲ ಅಂದ್ರ ನಾ ಐದು ಗಂಟೆಗೆ ಏನ ಕಳಸಲಿ?”

ಮೂರನೆಯ ಬಾಟಲಿಗೆ ನೂರಜಾನಬಿಯ ಗಂಡ ದಾವಲಸಾಬನನ್ನು ಕಾವಲು ಕೂರಿಸಿದರು. ಅವನದು ಓಣಿಯ ಮೂಲೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯನ್ನು ಕೂಡ ಹತ್ತಿರ ಬಿಡದೆ ಅವನು ಕೂತ. ಸ್ನೇಹಲ ಅದರಿಂದ ಸ್ವಲ್ಪ ಸ್ವಲ್ಪ ತೆಗೆದು, ತನ್ನ ಪೆಟ್ಟಿಗೆಯ ಹನಿಗಳನ್ನು ಹಾಕಿ, ಬಣ್ಣದ ಪಟ್ಟಿಗೆ ಹೋಲಿಸಿ ನೋಡಿದಳು. ಹನ್ನೆರಡು ಗಂಟೆಗೆ ಬರೆದುಕೊಟ್ಟಳು: ನೀರು ಯಾವುದಕ್ಕೂ ಯೋಗ್ಯವಲ್ಲ. ದನಕ್ಕೂ ಅಲ್ಲ.

ಸಮ್ಮೇದ ಹಿಗ್ಗಿ ಹೀರೇಕಾಯಿಯಾದ. ಲೋಕದಲ್ಲಿ ತನ್ನ ಬಾವಿಯ ನೀರು ವಿಷವೆಂದು ಕೇಳಿ ಅಷ್ಟು ಸಂತೋಷಪಟ್ಟವನು ಅವನೊಬ್ಬನೇ ಇರಬೇಕು. “ಅವ್ವಾ, ನಾವು ಗೆದ್ದಿವಿ!” ಎಂದು ಒಳಗೆ ಕೂಗಿ ಹೇಳಿದ.

“ಈಗ ಹೆಸರು,” ಎಂದರು ಸಾಹೇಬರು ಮೊಬೈಲ್ ತೆಗೆದು. “ಪೋರ್ಟಲಿನಾಗ ಒಂದು ಕಾಲಂ ಐತಿ, ‘ಮಾಲಿನ್ಯ ಮಾಡಿದವರ ಹೆಸರು’ ಅಂತ. ಅದು ತುಂಬಲಿಲ್ಲ ಅಂದ್ರ ಮುಂದಿನ ಪೇಜ ತೆರಿಯಂಗಿಲ್ಲ.”

“ಅದರಾಗ ಏನೈತ್ರಿ, ಕಾರ್ಖಾನಿ ಅಂತ ಬರೀರಿ.”

ಸಾಹೇಬರು ಮುರಗೆಪ್ಪನ ಮುಖ ನೋಡಿದರು. ಮುರಗೆಪ್ಪ ಆಕಾಶ ನೋಡಿದ. “ಸ್ಥಳ ಪರಿಶೀಲನಾ ಆಗಲಿ,” ಎಂದರು ಸಾಹೇಬರು.

ಮಾರ್ಚಿನ ಬಿಸಿಲಲ್ಲಿ ಎಲ್ಲರೂ ಹಳ್ಳಕ್ಕೆ ನಡೆದರು. ಕಪ್ಪು ನೀರು ಕುದಿದು ಆರಿದ ಬೆಲ್ಲದಂತೆ ಹರಿಯುತ್ತಿತ್ತು. ಮೇಲ್ಗಡೆ ಕಾರ್ಖಾನೆಯ ಪೈಪು ಹಳ್ಳಕ್ಕೆ ಬಾಯಿ ಬಿಟ್ಟುಕೊಂಡಿತ್ತು. ಅದನ್ನು ಬೆರಳಿಟ್ಟು ತೋರಿಸುವ ಆತುರದಲ್ಲಿ ಸಮ್ಮೇದ ಜಾರಿ ಸೊಂಟದವರೆಗೆ ಹಳ್ಳಕ್ಕೆ ಬಿದ್ದ. ಮೇಲೆ ಬಂದಾಗ ಅವನ ಬಿಳಿ ಪೈಜಾಮದ ಕೆಳಗಿನ ಅರ್ಧ ಬೇರೆ ಯಾರದೋ ಎನ್ನುವಂತಿತ್ತು.

“ನೋಡ್ರಿ ಸಾಹೇಬ್ರ! ಇದಕಿಂತ ಪುರಾವೆ ಬೇಕೇನ್ರಿ?”

“ಪುರಾವೆ ಛಲೋ ಐತಿ,” ಎಂದು ಸಾಹೇಬರು ಒಪ್ಪಿಕೊಂಡರು. “ಆದರ ಈ ಕಲ್ಲ ನೋಡಿರೇನು? ಇದು ನಮ್ಮ ಪಟ್ಟಣದ ಹದ್ದು, ಗಡಿಕಲ್ಲು. ಪೈಪ ಎಂಟು ಹೆಜ್ಜಿ ಆ ಕಡೆ ಐತಿ. ಅದು ಬ್ಯಾರೆ ಪಂಚಾಯಿತಿ.”

“ಪೈಪ ಆ ಕಡೆ ಇದ್ರೂ ನೀರು ಈ ಕಡೆ ಬರತೈತಲ್ರಿ!”

“ನೀರಿಗೆ ಹದ್ದು ತಿಳದಿದ್ರ ನನಗ ಇಷ್ಟ್ಯಾಕ ತ್ರಾಸ ಇರತಿತ್ತು?” ಸಾಹೇಬರು ಆದರೂ ನ್ಯಾಯಕ್ಕಾಗಿ ಕಾರ್ಖಾನೆಗೆ ಒಂದು ಫೋನು ಮಾಡಿದರು. ತಮ್ಮಲ್ಲಿಂದ ಒಂದು ಹನಿ ನೀರೂ ಹೊರಗೆ ಹೋಗುವುದಿಲ್ಲವೆಂದು ಸರ್ಟಿಫಿಕೇಟು ಇದೆ ಎಂದು ಅಲ್ಲಿಂದ ಉತ್ತರ ಬಂತು. ಸಮ್ಮೇದನ ಪೈಜಾಮದಿಂದ ತೊಟ್ಟಿಕ್ಕುತ್ತಿದ್ದ ನೀರು ಹಾಗಾಗಿ ಕಾಗದದ ಪ್ರಕಾರ ಇರಲೇ ಇಲ್ಲ.

ಸ್ನೇಹಲ ಹಳ್ಳದ ಈಚೆ ದಂಡೆಯ ಕಬ್ಬಿನ ಹೊಲ ತೋರಿಸಿದಳು. ಅಲ್ಲಿ ಒಂದು ಟ್ಯಾಂಕರು ಅದೇ ಕಪ್ಪು ನೀರನ್ನು ಬದುವಿಗೆ ಬಿಡುತ್ತಿತ್ತು. “ಇದು ಹದ್ದಿನ ಒಳಗ ಐತಲ್ಲ ಸರ್? ಇದು ಯಾರ ಹೊಲ?”

“ನಂದು,” ಎಂದ ಮುರಗೆಪ್ಪ. “ಅದು ಗೊಬ್ಬರರಿ ಮ್ಯಾಡಮ್. ಟ್ಯಾಂಕರಿನಾಗ ಇದ್ದಾಗ ಅದು ಕಾರ್ಖಾನಿದು. ಹೊಲಕ್ಕ ಬಿದ್ದ ಕೂಡಲೆ ಗೊಬ್ಬರ. ಮಳ್ಯಾಗ ತೊಳಕೊಂಡು ಹಳ್ಳಕ್ಕ ಇಳದ್ರ ನಿಸರ್ಗ. ರೈತನ ಹೆಸರು ಬರಿಯೂದಿದ್ರ ಬರಕೊಳ್ರಿ. ನಾಳೆ ಮುಂಜಾನೆ ನಿಮ್ಮ ಆಫೀಸ ಮುಂದ ಮುನ್ನೂರು ಟ್ರ್ಯಾಕ್ಟರ್ ನಿಂತಿರತಾವ, ಅಷ್ಟ.”

ಸಾಹೇಬರು ಬರೆದುಕೊಳ್ಳಲಿಲ್ಲ. ಹಿಂತಿರುಗುವ ದಾರಿಯಲ್ಲಿ ಊರಿನ ದೊಡ್ಡ ಗಟಾರ ಹಳ್ಳಕ್ಕೆ ಸೇರುವ ಜಾಗ ಸಿಕ್ಕಿತು. ಸ್ನೇಹಲ ಅಲ್ಲಿಯೂ ನಿಂತಳು. ಅದು ಪಟ್ಟಣ ಪಂಚಾಯಿತಿಯದೇ ಗಟಾರ.

“ಮ್ಯಾಡಮ್, ನೀವು ಇನ್ನೂ ಹೊಸಬರು,” ಎಂದು ಸಾಹೇಬರು ಮೃದುವಾಗಿ ಹೇಳಿದರು. “ನಾವ ದಂಡ ಹಾಕಿ, ನಾವ ಕಟ್ಟಿ, ನಾವ ರಶೀದಿ ಕೊಟ್ರ ಆಡಿಟ್ಟಿನವರು ನನ್ನ ಪೆನ್ಶನ್ ಮ್ಯಾಲ ಬಂದು ಕೂಡತಾರ. ಎರಡು ವರ್ಷ ಉಳದಾವ ನನಗ.”

ಓಣಿಗೆ ಮರಳಿದಾಗ ಮೂರೂವರೆ. ದಾವಲಸಾಬ ಇನ್ನೂ ಬಾಟಲಿ ಹಿಡಿದುಕೊಂಡು ಕೂತಿದ್ದ. ಇನ್ನು ಸಾಕು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಅವನ ಎಣ್ಣೆಗೈ, ಗ್ರೀಸಿನ ಅಂಗಿ ನೋಡುತ್ತಿದ್ದ ಮುರಗೆಪ್ಪನ ಮುಖ ನಿಧಾನವಾಗಿ ಅರಳಿತು.

“ಸಾಹೇಬ್ರ, ಸೈಕಲ್ ಅಂಗಡಿ ಎಣ್ಣಿ, ಗ್ರೀಸು ಎಲ್ಲಿ ಹೋಗತಾವರಿ? ಬಾವಿ ಎಷ್ಟ ದೂರ ಐತಿ ಹೇಳ್ರಿ? ಹತ್ತು ಹೆಜ್ಜಿ!”

ಎಲ್ಲರೂ ದಾವಲಸಾಬನ ಕಡೆ ತಿರುಗಿದರು. ಅವನು ಬಾಟಲಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. “ನಾ ಏನ ಮಾಡೇನ್ರಿ? ದಿನಕ್ಕ ಒಂದು ಬೋಗುಣಿ ನೀರು ತಗೊಂಡು ಪಂಕ್ಚರ್ ನೋಡತೀನಿ, ಅಷ್ಟರಿ. ಬಾವಿ ಹೊಲಸ ಮಾಡಿದ್ರ ನಾನರೆ ಎಲ್ಲಿ ಹೋಗಲಿ?”

ಅವನಿಗೆ ಕಾರ್ಖಾನೆ ಇರಲಿಲ್ಲ, ಟ್ರ್ಯಾಕ್ಟರ್ ಇರಲಿಲ್ಲ, ಸರ್ಟಿಫಿಕೇಟು ಇರಲಿಲ್ಲ. ಅಂಗಡಿ ಹದ್ದಿನ ಕಲ್ಲಿನ ಒಳಗೇ ಇತ್ತು. ಸಿದ್ದಲಿಂಗ ಸಾಹೇಬರು ಸಮ್ಮೇದನ ಹೆಗಲ ಮೇಲೆ ಕೈಯಿಟ್ಟು ಬದಿಗೆ ಕರೆದೊಯ್ದರು.

“ನೀವು ಅರ್ಜಿದಾರರು. ಇವರ ಮ್ಯಾಲ ಸಂಶಯ ಐತಿ ಅಂತ ಒಂದ ಸಹಿ ಮಾಡ್ರಿ. ದಂಡ ಕಡಿಮಿ ಹಾಕತೀನಿ. ಬಾವಿ ಕೆಲಸ ನಾನ ನಿಂತು ಮಾಡಸತೀನಿ. ನಿಮ್ಮವ್ವ ಚೊಕ್ಕ ನೀರು ಕುಡೀತಾಳ.”

ಪೆನ್ನು ಸಮ್ಮೇದನ ಕೈಗೆ ಬಂದಿತ್ತು. ಒಳಗಿನಿಂದ ಅವ್ವ ಕೆಮ್ಮಿದ್ದು ಕೇಳಿತು. ಹಿಂದಿನ ರಾತ್ರಿ ಅವಳು ಗೋಡೆಗೆ ಒರಗಿ ಕೂತದ್ದು, ಬೇಡವೆಂದರೂ ಬೆಳಗ್ಗೆ ಮತ್ತೆ ಅದೇ ನೀರು ಕುಡಿದದ್ದು ನೆನಪಾಯಿತು. ಪೆನ್ನಿನ ಮುಚ್ಚಳ ತೆಗೆದ. ದಾವಲಸಾಬ ಅವನನ್ನೇ ನೋಡುತ್ತಿದ್ದ. ನೂರಜಾನಬಿ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಒಂದು ಗಳಿಗೆ, ನಿಜ ಹೇಳಬೇಕೆಂದರೆ ಒಂದಕ್ಕಿಂತ ಹೆಚ್ಚು ಗಳಿಗೆ ಅವನ ಕೈ ಕಾಗದದ ಮೇಲೆಯೇ ಇತ್ತು. ಆಮೇಲೆ ತನ್ನ ಮೇಲೆ ತನಗೇ ಅಸಹ್ಯ ಬಂದು ಪೆನ್ನು ತಿರುಗಿ ಕೊಟ್ಟ.

“ಆಗಂಗಿಲ್ರಿ. ಸುಳ್ಳ ಸಹಿ ಮಾಡಿ ತಂದ ನೀರು ನಮ್ಮವ್ವ ಹೆಂಗೂ ಮುಟ್ಟಂಗಿಲ್ಲ.”

“ಹಂಗಾರ ಯಾರ ಹೆಸರು ಬರೀಲೋ ಮಾರಾಯಾ!” ಸಾಹೇಬರ ದನಿ ಒಡೆಯಿತು. ನಾಲ್ಕೂ ಕಾಲಾಗಿತ್ತು.

ಆ ಹೊತ್ತಿಗೆ ಅಡುಗೆಮನೆಯಲ್ಲಿ ಜಿನ್ನವ್ವ ಸ್ನೇಹಲಳಿಗೆ ಬಾವಿಯ ನೀರು ಬೆರೆಸಿದ ಮಜ್ಜಿಗೆ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದಳು. ಸ್ನೇಹಲ ಮಧ್ಯಾಹ್ನ ಸೋಸಿದ ಬಟ್ಟೆ ತೊಳೆದ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸಣ್ಣ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಳು. ಮುದುಕಿಯ ಮೇಲಿನ ಪ್ರೀತಿಯಿಂದ, ಅವಳ ಜೀವಗಳನ್ನು ಅವಳಿಗೇ ತೋರಿಸೋಣವೆಂದು.

“ಕಾಣತಾವೇನ ತಂಗಿ?”

ಸ್ನೇಹಲ ಇನ್ನೊಂದು ಹನಿ ಇಟ್ಟಳು. ಮತ್ತೊಂದು ಇಟ್ಟಳು. “ಏನೂ ಇಲ್ಲ ಆಜಿ. ಈ ನೀರಿನಾಗ ಉಸಿರಾಡಾಕ ಗಾಳಿನ ಇಲ್ಲ. ಯಾವ ಜೀವಾನೂ ಉಳಿಯಂಗಿಲ್ಲ.”

“ಮೊದಲ ಇದ್ದಿದ್ದು?”

“ಮೊದಲ ಇದ್ದಿರಬೇಕು. ನೀರು ಕೆಟ್ಟ ಮ್ಯಾಲ ಸತ್ತಾವ.”

“ನಾ ಬಟ್ಟಿಲಿಂದ ತಿರುಗಿ ಬಿಟ್ಟಿದ್ದು?”

ಸ್ನೇಹಲಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇಲ್ಲಿ ಸುಳ್ಳು ಹೇಳಬೇಕಿತ್ತೆಂದು ಅವಳಿಗೆ ಹೊಳೆದದ್ದು ಆಮೇಲೆ. “ಅವೂ ಸತ್ತಾವ ಆಜಿ,” ಎಂದಳು.

ಜಿನ್ನವ್ವ ಸೆರಗು ಸರಿಮಾಡಿಕೊಂಡು ಹೊರಗೆ ಕಟ್ಟೆಗೆ ಬಂದಳು.

“ಯಾರ ಹೆಸರು ಬೇಕಾಗೈತ್ರಿ ನಿಮಗ?”

“ಬಾವಿ ಕೆಡಿಸಿದವರದು ಆಯಿ,” ಎಂದರು ಸಾಹೇಬರು ತಲೆ ಎತ್ತದೆ.

“ನಂದ ಬರಕೊಳ್ರಿ.”

ಸಮ್ಮೇದ ನಗಲು ನೋಡಿದ. “ಅವ್ವಾ, ಒಳಗ ನಡಿ. ಏನ ಮಾತಾಡಾಕತ್ತಿ?”

“ಖರೇನ ಮಾತಾಡಾಕತ್ತೀನಿ. ನೀರು ವಾಸನಿ ಬರೂದು ನನಗ ಗೊತ್ತಿತ್ತು. ನನ್ನ ಹೊಟ್ಟಿಗೆ ತ್ರಾಸ ಆಗೂದೂ ಗೊತ್ತಿತ್ತು. ಆದರೂ ಸಣ್ಣ ಸಣ್ಣ ಜೀವ ತಂದು ಅದರಾಗ ಬಿಟ್ಟೆ. ನನ್ನ ಕೈಯಿಂದ. ಎರಡು ವರ್ಷ.” ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. “ಎಷ್ಟ ಹೋದವೋ ಏನೋ. ತಪ್ಪು ನಂದು. ದಂಡ ನಂದು.”

ಸಿದ್ದಲಿಂಗ ಸಾಹೇಬರು ಮೂವತ್ತೆರಡು ವರ್ಷ ಸರ್ಕಾರಿ ನೌಕರಿ ಮಾಡಿದ್ದರು. ಮಾಡಿದ ತಪ್ಪನ್ನು ಒಪ್ಪಿಕೊಂಡವರನ್ನು ಅವರು ಅಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ, ಮಾಡದ ತಪ್ಪನ್ನು ಒಪ್ಪಿಕೊಂಡವರ ಮಾತು ದೂರ. ಆದರೂ ಅವರ ಕೈ ತಡಮಾಡಲಿಲ್ಲ. ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದಿದರು: “ಸದರಿಯವರು ಪ್ರತಿದಿನ ತಪ್ಪದೆ ಬಾವಿಯ ನೀರಿನಲ್ಲಿ ಜೀವಿಗಳನ್ನು ಬಿಡುತ್ತಿದ್ದು, ಅವು ಸತ್ತು ಕೊಳೆತು ನೀರು ಕೆಟ್ಟಿರುವುದಾಗಿ ತಾವೇ ಒಪ್ಪಿಕೊಂಡಿರುತ್ತಾರೆ.”

ಸ್ನೇಹಲ ಓಡಿ ಬಂದಳು. “ಸರ್, ಇದು ತಪ್ಪು! ನೀರು ಕೆಟ್ಟಿದ್ದಕ್ಕ ಜೀವ ಸತ್ತಾವ. ನೀವು ಉಲ್ಟ ಬರದೀರಿ. ಆಜಿ ಏನೂ ಮಾಡಿಲ್ಲ.”

“ಮ್ಯಾಡಮ್, ಸಹಿ ಮಾಡವರು ಸಿಕ್ಕಾಗ ಕಾರಣ ಹುಡುಕಬಾರದು.”

“ಅವ್ವಾ, ಸಹಿ ಮಾಡಬ್ಯಾಡ,” ಎಂದು ಸಮ್ಮೇದ ಅಡ್ಡ ನಿಂತ. ದಾವಲಸಾಬ ಎದ್ದು ಬಂದ. “ಅವ್ವಾರ, ಬ್ಯಾಡ್ರಿ. ಬೇಕಂದ್ರ ನನ್ನ ಹೆಸರ ಬರಸ್ರಿ. ನಾ ಕಟ್ಟತೀನಿ.”

“ನೀ ಯಾಕ ಕಟ್ಟತೀ ದಾವಲ್ಯಾ? ನೀ ಏನ ಮಾಡೀದಿ?” ಜಿನ್ನವ್ವ ಮಗನ ಕೈ ಸರಿಸಿದಳು. “ಆಚೆ ಸರಿ ತಮ್ಮಾ. ಸುಳ್ಳ ಹೇಳಿ ಸಾಯಲೇನು?”

ಎರಡನೆಯ ಇಯತ್ತೆಯಲ್ಲಿ ಕಲಿತ ಅಕ್ಷರಗಳಲ್ಲಿ ಅವಳು ನಿಧಾನವಾಗಿ ಹೆಸರು ಬರೆದಳು. ಸಾಹೇಬರು ಫೋಟೋ ತೆಗೆದರು. ಮುಖದಲ್ಲಿ ಸಮಾಧಾನ ಕಾಣುತ್ತಿಲ್ಲವೆಂದು, “ಆಯಿ, ಒಂಚೂರ ನಗ್ರಿ” ಎಂದು ಇನ್ನೊಂದು ತೆಗೆದರು. ನಾಲ್ಕು ಐವತ್ತಾರಕ್ಕೆ ಮುಂದಿನ ಪುಟ ತೆರೆಯಿತು, ನಾಲ್ಕು ಐವತ್ತೆಂಟಕ್ಕೆ ಎಲ್ಲ ಹೋಯಿತು. ಐದೂ ಹತ್ತಕ್ಕೆ ಜಿಲ್ಲೆಯಿಂದ ಫೋನು ಬಂತು. ಇಡೀ ಜಿಲ್ಲೆಯಲ್ಲಿ ನಾಲ್ಕನೆಯ ನಿಲುವನ್ನು ಜಾರಿಗೆ ತಂದ ಮೊದಲ ಪಟ್ಟಣ ಮಾಳಿಂಗವಾಡಿ. ಸಾಹೇಬರು ನಿಂತುಕೊಂಡೇ ಮಾತಾಡಿದರು.

ಫೋನು ಇಟ್ಟ ಮೇಲೆ ಸಮ್ಮೇದ ಕೇಳಿದ. “ದಂಡ ಎಷ್ಟರಿ?”

“ಇಪ್ಪತ್ತೆರಡು ಸಾವಿರ. ಒಂದು ತಿಂಗಳ ಟೈಮ ಐತಿ.”

“ಕಟ್ಟತೀನಿ. ಬಾವಿ ಯಾವಾಗ ಸ್ವಚ್ಛ ಮಾಡಸತೀರಿ?”

“ಸ್ವಚ್ಛ?” ಸಾಹೇಬರು ನಿಜಕ್ಕೂ ಆಶ್ಚರ್ಯಪಟ್ಟರು. “ನಿಲುವು ನಾಲ್ಕರಾಗ ವಸೂಲಿ ಅಷ್ಟ ಬರತೈತ್ರಿ. ಸ್ವಚ್ಛ ಮಾಡೂದು ನಿಲುವು ಆರು. ಅದಕ್ಕ ಇನ್ನೂ ಅನುದಾನ ಬಂದಿಲ್ಲ. ಅಲ್ಲೀತನಕ ಕೆಡಿಸಿದವರು ಮತ್ತ ಬಾವಿಗೆ ಏನೂ ಹಾಕದಂಗ ಬಂದೋಬಸ್ತ ಮಾಡಬೇಕಾಗತೈತಿ.”

ಬಂದೋಬಸ್ತು ತಡವಾಗಲಿಲ್ಲ. ಹನ್ನೊಂದು ದಿನಕ್ಕೊಮ್ಮೆ ನೀರು ಬಿಡುವ ಪಂಚಾಯಿತಿಯವರು ಹನ್ನೊಂದು ನಿಮಿಷದಲ್ಲಿ ಬಾವಿಯ ಬಾಯಿಗೆ ತಗಡು ಹೊದಿಸಿ, ತಂತಿ ಬಿಗಿದು, ಅರಗಿನ ಮುದ್ರೆ ಒತ್ತಿದರು. ಸ್ನೇಹಲ ಜೀಪಿನಲ್ಲಿ ಮುಖ ಅತ್ತ ತಿರುಗಿಸಿ ಕೂತಿದ್ದಳು. ದಾವಲಸಾಬ ಸಮ್ಮೇದನ ಹತ್ತಿರ ಬಂದು, ಪಕ್ಕದ ಊರು ಅಲಖನೂರಿನಲ್ಲಿ ಒಂದು ತೋಟದ ಬಾವಿ ಇನ್ನೂ ಚೆನ್ನಾಗಿದೆ, ನಾಳೆಯಿಂದ ಇಬ್ಬರೂ ಸೈಕಲ್ ಮೇಲೆ ಹೋಗೋಣ, ನೀನೇ ಸೇದು, ನಾನು ಸೈಕಲ್ ನೂಕುತ್ತೇನೆ ಎಂದ. ಅವ್ವ ನಾಳೆ ನೀರು ಕುಡಿಯುತ್ತಾಳೆ ಎಂಬ ಭರವಸೆಯೇ ಸಮ್ಮೇದನಿಗಿರಲಿಲ್ಲ. ಆದ ಪಾಪಕ್ಕೆ ಎಷ್ಟು ದಿನ ಉಪವಾಸ ಎಂದು ಅವಳು ಆಗಲೇ ಬೆರಳು ಮಡಚುತ್ತಿದ್ದಳು.

ಹಿತ್ತಲಿಗೆ ಹೋದರೆ ಜಿನ್ನವ್ವ ತಗಡಿನ ಮುಂದೆ ತಂಬಿಗೆ ಹಿಡಿದು ನಿಂತಿದ್ದಳು. ಮಧ್ಯಾಹ್ನದ ಬಟ್ಟೆ ತೊಳೆದ ನೀರು ಅದರಲ್ಲಿತ್ತು.

“ಇವನ್ನ ಎಲ್ಲಿ ಬಿಡಲೋ ತಮ್ಮಾ? ಬಾವಿ ಮುಚ್ಚ್ಯಾರ.”

“ಅದರಾಗ ಏನೂ ಇಲ್ಲ ಅವ್ವಾ. ಮ್ಯಾಡಮ್ಮಾರ ನೋಡಿ ಹೇಳಿಲ್ಲೇನು? ಒಂದ ಜೀವಾನೂ ಇಲ್ಲ.”

ಜಿನ್ನವ್ವ ಅವನನ್ನು ನೋಡಿದಳು. “ಏನೂ ಇಲ್ಲಾಂದ್ರ, ನಾ ಸಹಿ ಯಾತಕ್ಕ ಮಾಡಿದ್ನೋ?”

ಸಮ್ಮೇದ ತಂಬಿಗೆ ಇಸಿದುಕೊಂಡು, ಯಾವುದಾದರೂ ಗಿಡದ ಬುಡಕ್ಕಾದರೂ ಹಾಕೋಣವೆಂದು ಬೀದಿಗೆ ಬಂದ. ಬೀದಿಯಲ್ಲಿ ಗಿಡವಿರಲಿಲ್ಲ, ಗಟಾರವಿತ್ತು. ಅವನು ಅದರ ಅಂಚಿಗೆ ನಿಂತದ್ದನ್ನು ನೋಡಿ ಮುರಗೆಪ್ಪ ಬುಲೆಟ್ ನಿಲ್ಲಿಸಿದ.

“ಏ ಸಮ್ಮೇದಣ್ಣಾ, ಗಟಾರಕ್ಕ ಚೆಲ್ಲಬ್ಯಾಡೋ! ಜಿಲ್ಲೆದವರಿಗೆ ಭಾಳ ಖುಷಿ ಆಗೈತಿ, ಮುಂದಿನ ತಿಂಗಳಿಗೆ ಎರಡು ಪ್ರಕರಣ ಕೇಳ್ಯಾರ!”

ಬುಲೆಟ್ ತಿರುವಿನಲ್ಲಿ ಮರೆಯಾಯಿತು. ಸಮ್ಮೇದ ಸುತ್ತ ಒಮ್ಮೆ ನೋಡಿ, ಒಂದು ಹನಿಯೂ ತುಳುಕದಂತೆ ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡು ಅಲ್ಲೇ ನಿಂತ.